ಈರುಳ್ಳಿ ವಾಸನೆಯ ದೊರೆಸಾನಿ ಬ್ಯಾಗು

ಸಾಯಂಕಾಲ ನಾಲ್ಕು ಗಂಟೆ ಹತ್ತು ನಿಮಿಷ. ದಿನವೂ ಆ ಹೊತ್ತಿಗೆ ನಾನು ಎಲ್ಲಿದ್ದರೂ ಒಮ್ಮೆ ಕೈಗಡಿಯಾರ ನೋಡಿಕೊಳ್ಳುತ್ತೇನೆ. ಕೊನೆಯ ತರಗತಿಯಲ್ಲಿದ್ದರೆ ಪಾಠ ಅರ್ಧಕ್ಕೆ ನಿಲ್ಲುತ್ತದೆ. ಮೇಡಂಗೆ ಮನೆಗೆ ಹೋಗುವ ಅವಸರ ಎಂದು ಮಕ್ಕಳು ಮುಸಿಮುಸಿ ನಗುತ್ತಾರೆ. ನಗಲಿ. ನನ್ನ ಪಾಲಿಗೆ ಎಲ್ಲ ಕೆಡಲು ಶುರುವಾದ ಗಳಿಗೆ ಅದು ಎಂದು ಆ ಮಕ್ಕಳಿಗೆ ಯಾಕೆ ಹೇಳಬೇಕು?

ಮೊನ್ನೆ ಸರಿಯಾಗಿ ಆ ಹೊತ್ತಿಗೇ ಒಬ್ಬ ಹುಡುಗಿ ಬಂಗಾರಪೇಟೆಯ ನಮ್ಮ ಮನೆಯ ಬಾಗಿಲು ತಟ್ಟಿದಳು. ಬೆಂಗಳೂರಿನವಳು. ಕೆ.ಜಿ.ಎಫ್.ನ ಹಳೆಯ ಬಂಗಲೆಗಳಲ್ಲಿ ಉಳಿದುಹೋದ ದೀಪ, ಕುರ್ಚಿ, ಗಡಿಯಾರಗಳನ್ನು ಹುಡುಕಿ ಕೊಳ್ಳುವುದು ಅವಳ ಕಸುಬಂತೆ. ನಮ್ಮಲ್ಲಿ ಒಂದು ಪ್ಯಾರಿಸ್ಸಿನ ಚರ್ಮದ ಬ್ಯಾಗಿದೆ ಎಂದು ಯಾರೋ ಹೇಳಿದ್ದರು. ನಾನು ಒಳಗಿನಿಂದ ತಂದು ಅವಳ ಮಡಿಲಲ್ಲಿಟ್ಟೆ. ಭೂತಗನ್ನಡಿ ಹಿಡಿದು ಹೊಲಿಗೆ ನೋಡಿದಳು, ಕೊಂಡಿ ನೋಡಿದಳು. ಕೊನೆಗೆ ಬಾಯಿ ತೆರೆದು ಮೂಗು ಒಳಗಿಟ್ಟಳು. ಅವಳ ಮುಖ ಚಿಕ್ಕದಾಯಿತು.

"ಮೇಡಂ, ಇದು ಒರಿಜಿನಲ್ಲೇ ಅನ್ಸುತ್ತೆ. ಆದ್ರೆ... ಈರುಳ್ಳಿ ವಾಸನೆ ಬರ್ತಿದೆಯಲ್ಲ?"

ಬರುತ್ತದೆ. ಆ ವಾಸನೆ ಹೇಗೆ ಬಂತು ಎಂದು ಹೇಳಬೇಕಾದರೆ ನಿಮ್ಮನ್ನು ಕೆ.ಜಿ.ಎಫ್.ನ ಉರಿಗಾಂಗೆ ಕರೆದುಕೊಂಡು ಹೋಗಬೇಕು.

ನಾವಿದ್ದದ್ದು ಅಲ್ಲಿಯ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ. ಅಪ್ಪ ಗಣಿಯೊಳಗೆ ಇಳಿಯುತ್ತಿದ್ದರು. ಅಪ್ಪನ ಅಕ್ಕ ಗೌರತ್ತೆ ನಮ್ಮೊಡನೆಯೇ ಇದ್ದಳು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು, ಒಂದು ಬಂಗಲೆಯಲ್ಲಿ ದೊರೆಸಾನಿಯ ಮಗುವಿಗೆ ಆಯಾ ಆಗಿದ್ದವಳು. ದೊರೆಯ ಸಂಸಾರ ತಮ್ಮ ಸೀಮೆಗೆ ವಾಪಸು ಹೊರಟಾಗ ದೊರೆಸಾನಿ ತನ್ನ ಕೈಚೀಲದಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದು, ಖಾಲಿ ಬ್ಯಾಗನ್ನು ಗೌರತ್ತೆಯ ಹೆಗಲಿಗೆ ತಾನೇ ಹಾಕಿದಳಂತೆ. ದೊರೆಸಾನಿ ಅತ್ತಳು ಎಂದು ಅತ್ತೆ ಹೇಳುತ್ತಿದ್ದಳು. ಅತ್ತೆ ಹೇಳುವ ಕಥೆಗಳಲ್ಲಿ ಎಲ್ಲರೂ ಕೊನೆಗೆ ಅಳುತ್ತಿದ್ದರು. ಆದ್ದರಿಂದ ಆ ಮಾತಿಗೆ ನಾನು ಹೊಣೆಯಲ್ಲ.

ಜೇನಿನ ಬಣ್ಣದ ಬ್ಯಾಗು. ಅದನ್ನು ಹೆಗಲಿಗೆ ಹಾಕಿಕೊಳ್ಳದೆ ಅತ್ತೆ ಹಾಲಿನ ಡೇರಿಗೂ ಹೋಗುತ್ತಿರಲಿಲ್ಲ. ಗಣಿಯ ಆಳದಲ್ಲಿ ಬಂಡೆ ಸಿಡಿದಾಗ ನಮ್ಮ ಮನೆಗಳು ನಡುಗಿ, ಗೂಡಿನಲ್ಲಿಟ್ಟ ಪಾತ್ರೆಗಳು ಉರುಳುತ್ತಿದ್ದವು. ಆಗ ಎಲ್ಲರೂ ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಓಡಿದರೆ ಅತ್ತೆ ಬ್ಯಾಗನ್ನು ಎತ್ತಿಕೊಂಡು ಓಡುತ್ತಿದ್ದಳು. "ನಾನೊಬ್ಬಳು ಒಳಗೇ ಉಳಿದೆ" ಎಂದು ನಾನು ರೇಗಿದರೆ, "ನಿಂಗೆ ಕಾಲು ಅವೆ ಕಣಮ್ಮೀ, ಇದ್ಕೆ ಎಲ್ಲಿ ಅವೆ?" ಎನ್ನುತ್ತಿದ್ದಳು.

ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಚರ್ಮದ ಚೀಲ ಹೊಲಿಯುವ ಸಾಬರೊಬ್ಬರಿದ್ದರು. ಒಮ್ಮೆ ಅತ್ತೆಯ ಒಪ್ಪಿಗೆ ಪಡೆದು, ಈ ಬ್ಯಾಗನ್ನು ಮುಂದಿಟ್ಟುಕೊಂಡು ಅದೇ ಅಳತೆಯಲ್ಲಿ ಒಂದನ್ನು ಹೊಲಿದರು. ಆಮೇಲೆ ಕೇಳಬೇಕೆ? ಉರಿಗಾಂನಿಂದ ಬೂದಿಕೋಟೆವರೆಗೆ ಹೆಂಗಸರ ಹೆಗಲಲ್ಲೆಲ್ಲ ದೊರೆಸಾನಿ ಬ್ಯಾಗು! ದೂರದಿಂದ ನೋಡಿದರೆ ಅವಳಿ ಜವಳಿ. ತಮ್ಮದೇ ಅಸಲು, ತಮ್ಮದೂ ಬಂಗಲೆಯದೇ ಎನ್ನುವವರಿಗೂ ಬರವಿರಲಿಲ್ಲ. ಜಗಳ ಬಿಡಿಸಲು ಅತ್ತೆಯ ಹತ್ತಿರ ಬರುತ್ತಿದ್ದರು. ಚಿನ್ನದ ಊರಿನವರು ನೋಡಿ, ಚಿನ್ನ ಇಲ್ಲದಿದ್ದರೂ ಒರೆ ಹಚ್ಚುವ ಚಟ ಬಿಡದು.

ಅತ್ತೆ ಆ ವಿದ್ಯೆಯನ್ನು ನನಗೆ ಆಟದ ಹಾಗೆ ಕಲಿಸಿದಳು. ಮಧ್ಯಾಹ್ನ ಊಟವಾದ ಮೇಲೆ ಜಗುಲಿಯಲ್ಲಿ ನನ್ನ ಕಣ್ಣಿಗೆ ಸೆರಗು ಕಟ್ಟಿ ಒಂದೊಂದೇ ಬ್ಯಾಗನ್ನು ಕೈಗೆ ಕೊಡುತ್ತಿದ್ದಳು.

"ಕಣ್ಣು ಮೋಸ ಓಗ್ತದೆ ಕಣಮ್ಮೀ. ಬೆರಳ್ನಾಗೆ ನೋಡು. ಒಲಿಗೆ ಎಂಗದೆ?"

"ನೆಟ್ಟಗಿದೆ."

"ನೆಟ್ಟಗಿದ್ರೆ ಮಿಷೀನಿಂದು. ಬಿಸಾಕು. ನಮ್ದು ಕೈಯಾಗೆ ಒಲಿದಿದ್ದು. ಮಳೆ ಗಾಳಿಗೆ ಬಿದ್ದಂಗೆ ಓರೆಯಾಗಿರ್ತದೆ, ಎರಡ್ ಕಡೀಕೂ."

ಅಂಚನ್ನು ಸವರಿದರೆ ಅಸಲಿನದು ನದಿಯ ಕಲ್ಲಿನಂತೆ ನುಣ್ಣಗೆ. ಸಾಬರದು ಬಣ್ಣ ಬಳಿದದ್ದು, ಉಗುರಿಗೆ ಪುಡಿಪುಡಿಯಾಗಿ ಏಳುತ್ತದೆ. ಅಸಲಿನ ಒಳಗಡೆಯೂ ಚರ್ಮವೇ, ಮೇಕೆಮರಿಯ ಕಿವಿಯಷ್ಟು ಮೆತ್ತಗೆ; ನಕಲಿಗೆ ಹಳೆಯ ಕೊಡೆಯ ಬಟ್ಟೆ. ಒಳಜೇಬಿನ ಕೆಳಗೆ ತಯಾರಿಸಿದವರ ಹೆಸರನ್ನು ಚಿನ್ನದ ಅಕ್ಷರದಲ್ಲಿ ಒತ್ತಿದ್ದರು. ಚಿನ್ನ ಮಾಸಿತ್ತು, ಒತ್ತು ಉಳಿದಿತ್ತು. ಕಿರುಬೆರಳಿಗೆ ಮಾತ್ರ ಅದು ಸಿಗುತ್ತಿತ್ತು. ನಾನು ಬಿ.ಎ. ಓದುತ್ತಿದ್ದೆ. ಕಾಲೇಜಿನ ಯಾವ ವಿಷಯದಲ್ಲೂ ಬಾರದ ಮೊದಲ ದರ್ಜೆ ನನಗೆ ಇದರಲ್ಲಿ ಬಂದಿತ್ತು.

ಸಾಬರು ಪ್ರೀತಿಯಿಂದ ಅತ್ತೆಗೂ ಒಂದು ನಕಲು ಕೊಟ್ಟಿದ್ದರು. ಬೇಡವೆಂದರೆ ಅವರು ನೊಂದುಕೊಂಡಾರೆಂದು ತಂದಳು. ಅಡುಗೆಮನೆಯ ಮೊಳೆಗೆ ನೇತುಹಾಕಿ ಅದರಲ್ಲಿ ಈರುಳ್ಳಿ ತುಂಬಿದಳು. "ಇದ್ನ ಏರ್ಸ್ಕಂಡು ಬೀದಿಗೋದ್ರೆ ಆ ದೊರೆಸಾನಿ ಅಲ್ಲಿಂದ್ಲೇ ಉಗೀತಾಳೆ" ಎಂದು ನಕ್ಕಳು.

ಇನ್ನೊಂದು ಸಂಗತಿ ಹೇಳಬೇಕು. ನಮ್ಮ ಸಾಲಿನ ಯಾವ ಹುಡುಗಿಯಾದರೂ ಮದುವೆಯಾಗಿ ಮೊದಲ ಸಲ ಗಂಡನ ಮನೆಗೆ ಹೊರಟರೆ ಅಸಲಿ ಬ್ಯಾಗು ಅವಳ ಹೆಗಲೇರುತ್ತಿತ್ತು. ಕನ್ನಡದವರು, ತೆಲುಗಿನವರು, ತಮಿಳಿನವರು ಎಂಬ ಭೇದವಿರಲಿಲ್ಲ. "ಗೌರಕ್ಕಾ, ರೆಂಡು ನಾಳ್ ಕುಡುಂಗಕ್ಕಾ" ಎಂದು ಎರಡು ದಿನಕ್ಕೆ ಬೇಡಿಕೊಂಡು ಪಕ್ಕದ ಮನೆಯವರು ಬಂದರೆ, ಅತ್ತೆ ಮೊದಲು ಮುಖ ಗಂಟಿಕ್ಕಿ, ಆಮೇಲೆ ಬಾಚಣಿಗೆ, ಕುಂಕುಮ, ಒಂದು ನಿಂಬೆಹಣ್ಣು ಒಳಗಿಟ್ಟು ಕೊಡುತ್ತಿದ್ದಳು. ಒಂದೇ ಕರಾರು: ಬ್ಯಾಗು ಬರಿದಾಗಿ ವಾಪಸು ಬರಬಾರದು. ಅತ್ತೆಮನೆಯವರು ಅದರಲ್ಲಿ ಏನಾದರೂ ಹಾಕಿ ಕಳಿಸಬೇಕು. ಒಂದು ಹಿಡಿ ಅವರೆಕಾಯಾದರೂ ಸರಿ. ಹುಡುಗಿ ಆ ಮನೆಗೆ ಸೇರಿದಳು ಎಂಬುದಕ್ಕೆ ಅದೇ ಗುರುತು. ಬ್ಯಾಗು ಹಿಂದಿರುಗುವ ತನಕ ಅತ್ತೆ ಹೊಸ್ತಿಲು ದಾಟುತ್ತಿರಲಿಲ್ಲ. ಬರಿಹೆಗಲಲ್ಲಿ ಓಡಾಡಲು ನಾಚಿಕೆಯಂತೆ!

ಆ ವರ್ಷ ಮಳೆ ಚೆನ್ನಾಗಿ ಬಂದು ಬೂದಿಕೋಟೆ ಕಡೆಯ ಕೆರೆಗಳು ತುಂಬಿದ್ದವು. ನಾನು ಓದುವ ರಜೆಗೆಂದು ಅಲ್ಲಿ ಸೋದರಮಾವನ ಮನೆಗೆ ಹೋಗಿದ್ದೆ. ಎರಡು ದಿನ ಜ್ವರ ಬಂತು. ಮಾವ ಹಾಲಿನ ವ್ಯಾನಿನವನ ಕೈಲಿ ಊರಿಗೆ ಹೇಳಿಕಳಿಸಿದ. ಮೂರನೆಯ ದಿನ ಜ್ವರ ಬಿಟ್ಟಿತ್ತು. ನಮ್ಮ ಕಡೆ ಕೆರೆ ತುಂಬುವುದೇ ಅಪರೂಪ. ತುಂಬಿದರೆ ಜನ ನೆಂಟರನ್ನು ನೋಡುವ ಹಾಗೆ ಹೋಗಿ ನೋಡುತ್ತಾರೆ. ನಾನೂ ಶಾಲು ಹೊದ್ದು ತೂಬಿನ ಕಲ್ಲಿನ ಮೇಲೆ ಕೂತಿದ್ದೆ.

ಬಂಗಾರಪೇಟೆಯ ಬಸ್ಸು ಕೆರೆ ಏರಿಯ ಮೇಲೆ ಬರುತ್ತಿತ್ತು. ಹೊತ್ತಾಯಿತೇನೋ ಎಂದು ಗಡಿಯಾರ ನೋಡಿದೆ. ನಾಲ್ಕು ಹತ್ತು. ತಲೆಯೆತ್ತಿದಾಗ ಬಸ್ಸು ವಾಲುತ್ತಿತ್ತು. ಸದ್ದಿಲ್ಲ. ಹಿಂದಿನ ಚಕ್ರದ ಕೆಳಗಿನ ಮಣ್ಣು ಬೆಲ್ಲದಂತೆ ಕರಗಿತು, ಬಸ್ಸು ಎಮ್ಮೆ ಮಲಗುವ ಹಾಗೆ ನಿಧಾನವಾಗಿ ಪಕ್ಕಕ್ಕೆ ಮಲಗಿತು. ಆಮೇಲೆ ನೀರು. ಆಮೇಲೆ ಕಿರುಚಾಟ. ಈಗಲೂ ಮನಸ್ಸು ಆ ಬಸ್ಸನ್ನು ಎಷ್ಟೋ ಸಲ ಎತ್ತಿ ಏರಿಯ ಮೇಲೆ ನಿಲ್ಲಿಸುತ್ತದೆ. ಅದು ಮತ್ತೆ ವಾಲುತ್ತದೆ.

ಹೊಲದಲ್ಲಿದ್ದವರೆಲ್ಲ ಓಡಿಬಂದು ನೀರಿಗೆ ಧುಮುಕಿದರು. ಮಾವನೂ ಧುಮುಕಿದ. ಬಹಳ ಜನರನ್ನು ಎಳೆದು ತಂದರು. ಸಿಕ್ಕದವರೂ ಇದ್ದರು, ಬಸ್ಸಿನಲ್ಲಿ ಯಾರ್ಯಾರಿದ್ದರೆಂದು ಕಂಡಕ್ಟರಿಗೇ ಗೊತ್ತಿರಲಿಲ್ಲ. ಕೈಗೆ ಸಿಕ್ಕಿದ ಸಾಮಾನುಗಳನ್ನು ಹುಲ್ಲಿನ ಮೇಲೆ ಹಾಕುತ್ತಾ ಹೋದರು. ಚಪ್ಪಲಿಗಳು, ಕೊಡೆ, ಟಿಫನ್ ಕ್ಯಾರಿಯರು. ಅವುಗಳ ನಡುವೆ ಜೇನಿನ ಬಣ್ಣದ ಒಂದು ಬ್ಯಾಗು.

ಮಾವನ ಮುಖ ಬಿಳಿಚಿತು. "ನಿಮ್ಮತ್ತೇದಲ್ವೇನಮ್ಮಾ ಇದು? ಜ್ವರ ಅಂತ ಏಳಿಕಳ್ಸಿದ್ನಲ್ಲಾ..."

ನಾನು ಮೊಣಕಾಲೂರಿ ಕೂತೆ. ಕಣ್ಣು ಮುಚ್ಚಿದೆ. ಬೆರಳು ಹರಿಸಿದೆ. ಹೊಲಿಗೆ ನೆಟ್ಟಗಿತ್ತು. ಅಂಚಿನ ಬಣ್ಣ ಉಗುರಿಗೆ ಕಿತ್ತುಬಂತು. ಒಳಗೆ ಕೊಡೆಯ ಬಟ್ಟೆ. ಕಿರುಬೆರಳು ಹುಡುಕಿದಲ್ಲಿ ಒತ್ತು ಇರಲಿಲ್ಲ. ಕಣ್ಣು ತೆರೆದು ನೋಡಿದರೆ ನೆನೆದು ಹಿಟ್ಟಾದ ರಸ್ಕಿನ ಪೊಟ್ಟಣ, ಮತ್ತು ಬಟ್ಟೆಗೆ ಅಂಟಿದ ಒಂದು ಈರುಳ್ಳಿ ಸಿಪ್ಪೆ. ಆ ಸಿಪ್ಪೆಯನ್ನು ನಾನು ನೋಡಿದೆ. ಕಣ್ಣಿಗೆ ಕಂಡದ್ದು ತಲೆಗೆ ಹೋಗಲಿಲ್ಲ.

"ಅಲ್ಲ ಮಾವ, ಇದು ನಕಲು. ಗೌರತ್ತೆ ಇದರಲ್ಲಿ ಇಲ್ಲ" ಎಂದೆ.

"ಸರ್ಯಾಗಿ ನೋಡಿದ್ಯಾ?"

"ನನಗೆ ಗೊತ್ತಿಲ್ವಾ ಮಾವ? ಅತ್ತೆ ಸತ್ತರೂ ನಕಲು ಹಾಕ್ಕೊಳ್ಳಲ್ಲ."

ಹೌದು, ಅದೇ ಮಾತನ್ನು ಆಡಿದೆ. ಮಾವ ಉಸಿರು ಬಿಟ್ಟು ಕೂತ. ನಕ್ಕೂಬಿಟ್ಟ. ಮನೆಗೆ ಹೋದರೆ ಅಜ್ಜಿ ದೇವರಿಗೆ ದೀಪ ಹಚ್ಚಿ, ಬಿಸಿ ಮುದ್ದೆಗೆ ಉಪ್ಪುಸಾರು ಬಡಿಸಿದಳು. ಜ್ವರ ಬಿಟ್ಟ ಬಾಯಿ, ಭಯ ಬಿಟ್ಟ ಹೊಟ್ಟೆ. ಅಷ್ಟು ರುಚಿಯಾದ ಊಟವನ್ನು ನಾನು ಅದಕ್ಕೆ ಮುಂಚೆ ಉಂಡಿರಲಿಲ್ಲ. ಆಮೇಲೂ ಉಂಡಿಲ್ಲ.

ಬೆಳಗಾದ ಮೇಲೆ ಕೆರೆಯ ಜೊಂಡಿನಲ್ಲಿ ಗೌರತ್ತೆ ಸಿಕ್ಕಳು.

ನಾನು ಬ್ಯಾಗನ್ನು ಗುರುತಿಸಿದ್ದು ಸರಿಯಾಗಿಯೇ ಇತ್ತು ನೋಡಿ. ಅದು ನಕಲಿಯೇ. ಮೊಳೆಗೆ ನೇತುಹಾಕಿದ್ದ ಈರುಳ್ಳಿ ಚೀಲ. ಅದು ನಮ್ಮ ಮನೆಯದೇ ಎಂದು ನಾನು ಹಿಂದಿನ ದಿನವೇ ಗುರುತಿಸಿದ್ದರೂ ಅವಳು ಉಳಿಯುತ್ತಿರಲಿಲ್ಲ ಎಂದು ಎಲ್ಲರೂ ಹೇಳಿದರು. ನಿಜವೇ. ಆದರೆ ಅವಳು ನೀರಿನಲ್ಲಿದ್ದಾಗ ನಾನು ಎರಡನೆಯ ಸಲ ಸಾರು ಹಾಕಿಸಿಕೊಂಡಿದ್ದೆ.

ಅಸಲಿ ಬ್ಯಾಗು ವಸಂತಾಳ ಜೊತೆ ಕ್ಯಾಸಂಬಳ್ಳಿಗೆ ಹೋಗಿತ್ತು. ನಮ್ಮ ಮನೆಯಿಂದ ಮೂರನೇ ಬಾಗಿಲಿನ ಹುಡುಗಿ. ನಾನು ಊರಲ್ಲಿದ್ದಾಗ ಅವಳ ಪಯಣ ಮುಂದಿನ ವಾರಕ್ಕೆಂದಿತ್ತು. ಒಳ್ಳೆಯ ದಿನವೆಂದು ಅತ್ತೆಮನೆಯವರು ಮೊದಲೇ ಕರೆಸಿಕೊಂಡಿದ್ದರು. ತಿಥಿಯೆಲ್ಲ ಮುಗಿದ ಮೇಲೆ ಅವಳು ಬ್ಯಾಗು ತಂದು ಹೊಸ್ತಿಲ ಹೊರಗೇ ನಿಂತಳು. ಅವಳತ್ತೆ ಅದರ ತುಂಬ ಕಡಲೆಕಾಯಿ ಹಾಕಿ ಕಳಿಸಿದ್ದರು. ಅಮ್ಮ ಅದನ್ನು ಇಸಿದುಕೊಳ್ಳಲಿಲ್ಲ, ಬೇಡವೆನ್ನಲೂ ಇಲ್ಲ. ನಾನೇ ಎದ್ದುಹೋಗಿ ಇಸಿದುಕೊಂಡೆ.

"ಅಕ್ಕಾ, ನಾನು ಬ್ಯಾಗ್ ಕೇಳ್ದೇ ಇದ್ದಿದ್ರೆ..." ಎಂದು ವಸಂತಾ ಬಿಕ್ಕಿದಳು. ಬಿಕ್ಕುತ್ತಲೇ ಇನ್ನೊಂದು ಮಾತು ಹೇಳಿದಳು. ಅವಳನ್ನು ಬಸ್ಸು ಹತ್ತಿಸಿದ್ದು ಗೌರತ್ತೆಯೇ. ನನ್ನ ಜ್ವರದ ಸುದ್ದಿ ಅಷ್ಟರಲ್ಲಿ ಬಂದಿತ್ತು. ವಸಂತಾ ಬ್ಯಾಗನ್ನು ವಾಪಸು ಕೊಡಲು ಹೋದರೆ ಅತ್ತೆ ಗದರಿದಳಂತೆ: "ಓಗಮ್ಮೀ, ಇಟ್ಕಾ. ಇವತ್ತೊಂದಿನ ಈರುಳ್ಳಿ ಚೀಲ ತಕ್ಕಂಡೋಯ್ತೀನಿ. ನಮ್ಮುಡ್ಗಿ ನೋಡಿದ್ರೆ ಇವ್ಳು ನಮ್ಮತ್ತೇನೇ ಅಲ್ಲ ಅಂತಾಳೆ!" ಎಂದು ಜೋರಾಗಿ ನಕ್ಕಳಂತೆ.

ನನ್ನ ನಿದ್ದೆ ಹೋದದ್ದು ಆ ಮಾತು ಕೇಳಿದ ಮೇಲೆ. ಪೂರ್ತಿ ಹೋಗಲಿಲ್ಲ, ಹರಿದ ಬಟ್ಟೆಯಂತೆ ತುಂಡುತುಂಡಾಯಿತು. ಕಣ್ಣು ಮುಚ್ಚಿದರೆ ಬೆರಳ ತುದಿಗೆ ಆ ನೆಟ್ಟನೆಯ ಹೊಲಿಗೆ ತಾಕುತ್ತಿತ್ತು. ಓದು ಮುಗಿಯಿತು, ಬಂಗಾರಪೇಟೆಯಲ್ಲಿ ಕೆಲಸವಾಯಿತು, ಮದುವೆಯಾಯಿತು. ಬ್ಯಾಗು ನನ್ನ ಜೊತೆ ಬಂತು. ಬೀರುವಿನ ತಳದಲ್ಲಿ ಹಳೆಯ ಸೀರೆಯಲ್ಲಿ ಸುತ್ತಿಟ್ಟೆ. ಯಾರು ಕೇಳಿದರೂ ಕೊಡಲಿಲ್ಲ. ಕೊನೆಗೆ ಕೇಳುವುದನ್ನೇ ಬಿಟ್ಟರು. ವೈದ್ಯರು ಕೊಟ್ಟ ಮಾತ್ರೆಗೆ ನಿದ್ದೆಯ ಬದಲು ತೂಕಡಿಕೆ ಬರುತ್ತಿತ್ತು, ಅದೂ ಸ್ಟಾಫ್ ಮೀಟಿಂಗಿನಲ್ಲಿ.

ಹೋದ ವರ್ಷ ವಸಂತಾ ಮಗಳನ್ನು ಕರೆದುಕೊಂಡು ಬಂದಳು. ಮಗಳಿಗೆ ಮದುವೆಯಾಗಿತ್ತು, ಗಂಡನ ಮನೆ ಬೂದಿಕೋಟೆ ಪಕ್ಕ. ವಸಂತಾ ಕಾಫಿ ಲೋಟ ತಿರುಗಿಸುತ್ತಾ ಕೂತಿದ್ದಳು. ಮಗಳೇ ಬಾಯಿಬಿಟ್ಟಳು.

"ದೊಡ್ಡಮ್ಮಾ, ಆ ಬ್ಯಾಗ್ ಎರಡು ದಿನಕ್ಕೆ ಕೊಡ್ತೀರಾ?"

"ಸುಮ್ನಿರೇ" ಎಂದು ವಸಂತಾ ಅವಳ ತೊಡೆ ಚಿವುಟಿದಳು.

"ಯಾಕಮ್ಮಾ? ನೀನು ತಗೊಂಡ್ ಓಗಿದ್ದೆ ಅಲ್ವಾ? ನಾನೇನು ತಿಂದಾಕ್ತೀನಾ?"

ಬೂದಿಕೋಟೆಯ ಬಸ್ಸು, ಅದೇ ಏರಿ. ಬೇಡ ಎನ್ನಲು ಬಾಯಿ ತೆರೆದೆ. ಆದರೆ ಆ ಹುಡುಗಿ ಮುಖ ಮುಂದೆ ಮಾಡಿ ಕಾಯುತ್ತಿದ್ದ ರೀತಿ ಇದೆಯಲ್ಲ, ಅತ್ತೆ ಅದನ್ನು ನೋಡಿಯೇ ಪ್ರತಿಸಲವೂ ಸೋಲುತ್ತಿದ್ದದ್ದು. ಎದ್ದುಹೋಗಿ ಸೀರೆ ಬಿಚ್ಚಿದೆ. ಬಾಚಣಿಗೆ, ಕುಂಕುಮ ಇಟ್ಟೆ. ನಿಂಬೆಹಣ್ಣು ಮನೆಯಲ್ಲಿರಲಿಲ್ಲ, ಪಕ್ಕದ ಮನೆಯಿಂದ ತಂದೆ.

ಅವಳು ಹೋದ ಮೇಲೆ ಆ ಎರಡು ದಿನ ನಾನೂ ಹೊಸ್ತಿಲು ದಾಟಲಿಲ್ಲ. ಕಾಲೇಜಿಗೆ ರಜೆ ಹಾಕಿದೆ. ಜ್ವರ ಎಂದು ಬರೆದುಕೊಟ್ಟೆ.

ಅವಳು ವಾಪಸು ಬಂದದ್ದು ಸಂಜೆ. ಬೀದಿಯ ತುದಿಯಿಂದಲೇ ಕಂಡಳು, ಒಂದು ಹೆಗಲು ಕೆಳಗಾಗಿತ್ತು. ಬ್ಯಾಗು ಬಾಯಿ ಮುಚ್ಚಲಾರದಷ್ಟು ಉಬ್ಬಿತ್ತು. ಜಗುಲಿಯ ಮೇಲೆ ಅದನ್ನು ಬೋರಲು ಹಾಕಿದಳು. ಈರುಳ್ಳಿ! ಮಣ್ಣು ಮೆತ್ತಿದ, ಆಗತಾನೇ ಕಿತ್ತ ಈರುಳ್ಳಿಗಳು ಪಟಪಟನೆ ಉರುಳಿ ಬೀದಿಗೂ ಓಡಿದವು.

"ನಮ್ಮತ್ತೆ ಅವ್ರ ಒಲದ್ದು ಅಂತ ತುಂಬಿದ್ರು ದೊಡ್ಡಮ್ಮಾ. ಚಂದದ ಬ್ಯಾಗು, ಕೆಟ್ಟೋಯ್ತದೆ ಅಂದ್ರೆ ಕೇಳ್ಳಿಲ್ಲ. ಬೈಬ್ಯಾಡಿ."

ನಾನು ಬೈಯಲಿಲ್ಲ. ಬರಿದಾದ ಬ್ಯಾಗನ್ನು ಎತ್ತಿಕೊಂಡು ಕಣ್ಣು ಮುಚ್ಚಿದೆ. ಓರೆಯ ಹೊಲಿಗೆ. ನುಣುಪು ಅಂಚು. ಕಿರುಬೆರಳಿಗೆ ಒತ್ತು ಸಿಕ್ಕಿತು. ಮೂಗು ಒಳಗಿಟ್ಟೆ. ನಮ್ಮ ಉರಿಗಾಂನ ಅಡುಗೆಮನೆ, ಮೊಳೆಯ ಕೆಳಗಿನ ಗೋಡೆ, ಅತ್ತೆಯ ಕೈ. ಅಳುತ್ತಿದ್ದೇನೆಂದು ಹುಡುಗಿ ಗಾಬರಿಯಾದಳು. ಈರುಳ್ಳಿ ಘಾಟು ಎಂದೆ.

ಬೆಂಗಳೂರಿನ ಹುಡುಗಿಗೆ ಮೊನ್ನೆ ಇಷ್ಟನ್ನೆಲ್ಲ ಹೇಳಲಿಲ್ಲ. "ಒರಿಜಿನಲ್ಲೇ, ಆದರೆ ಮಾರುವುದಕ್ಕಲ್ಲ" ಎಂದೆ. ಪಾಪ, ಬಿಸಿಲಲ್ಲಿ ಬಂದಿದ್ದಳು. ವಾಸನೆ ಹೋಗಿಸಲು ಅಡುಗೆಸೋಡ ಹಾಕಿಡಿ ಎಂದು ಉಪಾಯ ಹೇಳಿ ಹೋದಳು. ನಾನು ಹಾಕಿಲ್ಲ. ಮುಂದಿನ ತಿಂಗಳು ನಮ್ಮ ಹಾಲಿನವಳ ಮಗಳಿಗೆ ಬ್ಯಾಗು ಬೇಕಂತೆ.

ಹೋದ ವರ್ಷ ಈರುಳ್ಳಿ ಬಂದ ದಿನ ಸಂಜೆ ಅವನ್ನೇ ಹೆಚ್ಚಿ ಹುಳಿ ಮಾಡಿದ್ದೆ. ಮುದ್ದೆ ಉಂಡು, ಬ್ಯಾಗನ್ನು ಬೀರುವಿನಲ್ಲಿಡದೆ ಅಡುಗೆಮನೆಯ ಮೊಳೆಗೆ ನೇತುಹಾಕಿ ಮಲಗಿದೆ. ಕಣ್ಣುಬಿಟ್ಟಾಗ ಬಿಸಿಲು ಹಾಸಿಗೆಯ ಮೇಲಿತ್ತು, ಹಾಲಿನವಳು ಬಾಗಿಲು ಬಡಿದು ಬಡಿದು ಬೈಯುತ್ತಿದ್ದಳು.