ಅರಿಶಿನ ಬಣ್ಣದ ಬೆನ್ನುಚೀಲ

ಹೊಲಿಗೆ ಯಂತ್ರದ ಎಣ್ಣೆಯೂ ಗಂಜಿ ಬಿಡದ ಹೊಸ ಬಟ್ಟೆಯೂ ಸೇರಿದರೆ ಒಂದು ವಾಸನೆ ಹುಟ್ಟುತ್ತದೆ. ಕಳೆದ ವಾರ ಕಿತ್ತುಹೋದ ಜಿಪ್ಪು ಹಾಕಿಸಲು ಬೀದಿ ಕೊನೆಯ ಟೈಲರ್ ಮುಂದೆ ನಿಂತಿದ್ದಾಗ ಆ ವಾಸನೆ ಬಂತು. ಒಂದು ಗಳಿಗೆ ನಾನು ಎಲ್ಲಿದ್ದೇನೆ ಎಂಬುದೇ ತಪ್ಪಿಹೋಯಿತು. ಮೈಸೂರಲ್ಲ, ಕೊಳ್ಳೇಗಾಲ. ಈ ಟೈಲರ್ ಅಲ್ಲ, ದರ್ಜಿ ಮಾವ...

ಮಾವ ಎಂದರೆ ನೆಂಟರೇನಲ್ಲ. ನಮ್ಮ ಮನೆಗೆ ಎರಡು ಬಾಗಿಲು ದಾಟಿ ಅವರ ಮನೆ, ಜಗಲಿಯೇ ಅಂಗಡಿ. ನಮ್ಮ ಊರು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದ ಬೋರ್ಡು ಇನ್ನೂ ತಲೆಯ ಮೇಲೆ ತೂಗುತ್ತಿತ್ತು, ತಮಿಳು ಅಕ್ಷರ ಅರ್ಧ ಅಳಿಸಿತ್ತು. ಎದೆಯಳತೆ ತೆಗೆಯುವಾಗ ಅವರು ತಮಿಳಿನಲ್ಲೇ ಗುನುಗುತ್ತಿದ್ದರು. ಬೀದಿಯಲ್ಲಿ ಅವರಷ್ಟು ದೂರದೂರದ ಮಾತಾಡುವವರು ಯಾರೂ ಇರಲಿಲ್ಲ. ಬರ್ಮಾ, ಬೊಂಬಾಯಿ, ರೈಲು, ಹಡಗು. ಅವರ ಹೆಂಡತಿಯನ್ನು ನಾವು ಅತ್ತೆ ಎನ್ನುತ್ತಿದ್ದೆವು. ಅತ್ತೆ ಒಳಗಿನಿಂದಲೇ ತಿದ್ದುತ್ತಿದ್ದರು: "ಬರ್ಮಾ ಅಂತೆ! ಹನೂರಿಂದಾಚೆ ಕಾಲಿಕ್ಕಿಲ್ಲ ಕಣವ್ವ ನಿಮ್ಮಾವ. ಸಂತೆಗೂ ಗಾಡಿ ಮ್ಯಾಲೇ ಓಗೋದು."

ನಾನು ಬಿ.ಎ. ಮುಗಿಸಿ ಮನೆಗೆ ಬಂದಿದ್ದ ವರ್ಷ ಅದು. ಅರವತ್ತರ ದಶಕದ ಕೊನೆ ಇರಬೇಕು. ಮಾದಪ್ಪನ ಬೆಟ್ಟದಾಚೆ, ಗೋಪಿನಾಥಂ ಕಡೆಯ ಒಂದು ಕಾಡೂರಿನ ಶಾಲೆಗೆ ತಾತ್ಕಾಲಿಕ ಉಪಾಧ್ಯಾಯಿನಿಯಾಗಿ ಆರ್ಡರು ಬಂತು. ಬಸ್ಸಿನ ಭರವಸೆ ಹನೂರಿನವರೆಗೆ ಮಾತ್ರ. ಮುಂದೆ ಸಿಕ್ಕರೆ ಗಾಡಿ, ಇಲ್ಲದಿದ್ದರೆ ಕಾಲು. ಅಪ್ಪನಿಗೆ ಉಬ್ಬಸ, ಜೊತೆಗೆ ಬರಲಾರರು. ಟ್ರಂಕು ಹೊರಲು ಗುರುತಿಲ್ಲದ ಕೂಲಿಯವನನ್ನು ಕರೆದುಕೊಂಡು ಮಗಳು ಕಾಡು ಹಾದಿ ಹಿಡಿಯುವುದನ್ನು ಅವರು ಒಪ್ಪುವ ಹಾಗಿರಲಿಲ್ಲ. ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಊಟಕ್ಕೆ ಕೂತಾಗ ಹೇಳಿದರು: "ನಿನ್ನ ಸಾಮಾನು ನೀನೇ ಹೊತ್ಕೊಂಡು ಹೋಗೋ ಹಾಗಿದ್ರೆ ಹೋಗು. ಇಲ್ದಿದ್ರೆ ಆರ್ಡರು ವಾಪಸ್ ಕಳ್ಸಿಬಿಡು." ಹೀಗೆ ನನ್ನ ಕೆಲಸ ನನ್ನ ಬೆನ್ನಿನ ಮೇಲೆ ಬಂದು ಕೂತಿತು. ಅಪ್ಪ ನಿಜವಾಗಿ ಇದೇ ಮಾತು ಆಡಿದರೋ, ನಾನು ಇಷ್ಟು ವರ್ಷದಲ್ಲಿ ಅದನ್ನು ಒಪ್ಪ ಮಾಡಿಟ್ಟುಕೊಂಡಿದ್ದೇನೋ... ಅರ್ಥ ಮಾತ್ರ ಅದೇ.

ನಾನು ಅಲ್ಲಿಯತನಕ ಸೀರೆಯ ಗಂಟು ಬಿಟ್ಟು ಬೇರೇನೂ ಹೊತ್ತವಳಲ್ಲ. ಕಾಲೇಜಿನ ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ಪತ್ರಿಕೆಯ ಪುಟದಲ್ಲಿ ಬಿಳಿಯರು ಹಿಮದ ಗುಡ್ಡ ಹತ್ತುವ ಚಿತ್ರ ನೋಡಿದ್ದೆ. ಎರಡು ಹೆಗಲಿಗೂ ಪಟ್ಟಿ ಇದ್ದ ಚೀಲ, ಕೈ ಎರಡೂ ಖಾಲಿ. ಆ ಖಾಲಿ ಕೈಗಳು ನನ್ನ ಮನಸ್ಸಿನಲ್ಲಿ ನಿಂತಿದ್ದವು. ಕೊಳ್ಳೇಗಾಲದ ಪೇಟೆಯಲ್ಲಿ ಸಿಕ್ಕಿದ್ದು ತಗಡಿನ ಟ್ರಂಕು, ಹಾಸಿಗೆ ಸುತ್ತುವ ಹೋಲ್ಡಾಲು, ಬಿದಿರ ಪೆಟ್ಟಿಗೆ. ಒಂದೊಂದೂ ಇನ್ನೊಬ್ಬರ ತಲೆಯನ್ನು ನಂಬಿಕೊಂಡೇ ಮಾಡಿದ ಸಾಮಾನು. ಮೈಸೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಮಿಲಿಟರಿಯ ಕ್ಯಾನ್ವಾಸ್ ಚೀಲ ಸಿಗುತ್ತಿತ್ತು, ಆದರೆ ಅದರ ಬೆಲೆಗೆ ನಮ್ಮ ಮನೆಯ ತಿಂಗಳ ದಿನಸಿ ಬರುತ್ತಿತ್ತು. ಚೀಟಿಯ ಮೇಲೆ ಚಿತ್ರ ಬರೆದುಕೊಂಡು ಮಾವನ ಜಗಲಿ ಹತ್ತಿದೆ.

ಮಾವ ಚಿತ್ರವನ್ನು ತಲೆಕೆಳಗೆ ಹಿಡಿದು ನೋಡಿದರು. "ಇದು ನಂಗೊತ್ತು ಕಣ್ ಕೂಸೇ. ಬರ್ಮಾ ಯುದ್ಧದಲ್ಲಿ ಇಂಗೇ ಇತ್ತು."

"ತಿರ್ಗಿಸಿ ಹಿಡೀರಿ ಮಾವ."

"ಅದೂ ಗೊತ್ತು."

ಖಾಕಿ ಬಟ್ಟೆ ಕೇಳಿದೆ. ಖಾಕಿ ದುಬಾರಿ, ತರಿಸಲು ದಿನ ಹಿಡಿಯುತ್ತದೆ ಎಂದರು. ಮೂಲೆಯಿಂದ ಒರಟು ಬಟ್ಟೆಯ ಒಂದು ಸುರುಳಿ ಎಳೆದರು. ಅಪ್ಪಟ ಅರಿಶಿನದ ಬಣ್ಣ.

"ಇದು ಬಿದ್ದದೆ. ಎರಡು ಮಡಿ ಮಾಡಿ ಹೊಲುದ್ರೆ ಆನೆ ಎಳುದ್ರೂ ಕಿತ್ತೋಗಲ್ಲ. ಹಳದಿ ಕೊಳೆ ತೋರ್ಸಲ್ಲ ಬುಡು."

ಒಳಗಿನಿಂದ ಅತ್ತೆ: "ಹಳದಿ ಕೊಳೆ ತೋರ್ಸಲ್ವಾ! ಅಂಗಾರೆ ನಿಮ್ ಪಂಚೆನೂ ಹಳದೀನೇ ಉಟ್ಕಳಿ, ನಂಗೆ ಒಗ್ಯೋದಾರಾ ತಪ್ತದೆ."

ಬಟ್ಟೆಗೆ ಕಾಸು ಬೇಡ, ಹೊಲಿಗೆಗೆ ಮಾತ್ರ ಕೊಡು ಎಂದು ಮಾವ ಹೇಳಿದ ಮೇಲೆ ಬಣ್ಣದ ಮಾತು ನಾನು ಎತ್ತಲಿಲ್ಲ. ಚೀಲ ಸಿದ್ಧವಾದ ದಿನ ಅತ್ತೆ ಅದಕ್ಕೆ ರಾಗಿ ತುಂಬಿಸಿ ನನ್ನ ಬೆನ್ನಿಗೇರಿಸಿದರು. ಬೀದಿಯ ಆ ತುದಿಯಿಂದ ಈ ತುದಿಗೆ ನಡೆದೆ. ನೇಯ್ಗೆಮನೆಯ ಬಾಗಿಲಲ್ಲಿ ಕೂತಿದ್ದವರೊಬ್ಬರು, "ಏನವ್ವ, ಬಿ.ಎ. ಓದಿ ರಾಗಿ ಮಿಲ್ಲಿಗೆ ಸೇರ್ಕಂಡ್ಯಾ?" ಎಂದರು. ನಗು ಬಂದರೂ ನಗಲಾಗಲಿಲ್ಲ, ಪಟ್ಟಿ ಹೆಗಲನ್ನು ಕೊಯ್ಯುತ್ತಿತ್ತು. ಮನೆಗೆ ಬಂದು ರವಿಕೆ ಜರುಗಿಸಿ ನೋಡಿಕೊಂಡರೆ ಎರಡೂ ಕಡೆ ಕೆಂಪು ಬರೆ. ಆಗ ಅತ್ತಿದ್ದು ನೆನಪಿದೆ, ನೋವಿಗಲ್ಲ. ಇಷ್ಟೇ ದೂರಕ್ಕೆ ಹೀಗಾದರೆ ಬೆಟ್ಟ ಹೇಗೆ ದಾಟುವುದು, ಆರ್ಡರು ವಾಪಸು ಹೋಗುವುದೇ ಖಂಡಿತ ಎಂದು.

ಮಾವ ಪಟ್ಟಿಗಳನ್ನು ಬಿಚ್ಚಿದರು. ಅವುಗಳ ಒಳಗೆ ತುಂಬಲು ಹತ್ತಿ ತರಲಿಲ್ಲ; ನಮ್ಮ ಬೀದಿಯಲ್ಲಿ ಹತ್ತಿಗಿಂತ ಸುಲಭವಾಗಿ ಸಿಗುತ್ತಿದ್ದದ್ದು ರೇಷ್ಮೆ. ಮಗ್ಗದ ಮನೆಗಳಲ್ಲಿ ತುಂಡಾಗಿ ಉಳಿದ ನೂಲಿನ ಸಿಕ್ಕುಗಳನ್ನು ಕೇಳಿ ತಂದು, ಬೆರಳಿನಿಂದ ಒತ್ತಿ ಒತ್ತಿ ಪಟ್ಟಿಯೊಳಗೆ ತುಂಬಿ ಹೊಲಿದರು. ಮದುವೆ ಸೀರೆಗಳ ಉಳಿಕೆ ನನ್ನ ಹೆಗಲ ಮೇಲೆ ಕೂತಿತು. ಮತ್ತೆ ರಾಗಿ, ಮತ್ತೆ ಬೀದಿ. ಈ ಸಲ ಕೊಯ್ಯಲಿಲ್ಲ.

ಮಿಕ್ಕದ್ದನ್ನೆಲ್ಲ ಆರಿಸಿದ್ದು ಅತ್ತೆಯೂ ನಾನೂ ಜಗಳವಾಡಿಕೊಂಡು. ಹಾಸಿಗೆ ಬೇಡ, ಕುರಿಗಂಬಳಿ ಒಂದಿದ್ದರೆ ಹಾಸಲೂ ಆಯಿತು, ಹೊದೆಯಲೂ ಆಯಿತು, ಮಳೆಗೆ ತಲೆಯ ಮೇಲೆ ಕೊಪ್ಪೆಯೂ ಆಯಿತು. ನೀರಿಗೆ ಸೋರೆಬುರುಡೆ. ಹಿತ್ತಾಳೆ ಚೊಂಬು ನನ್ನ ಆಸೆ, ಭಾರವೆಂದು ಕಿತ್ತಿಟ್ಟರು. ಪುಸ್ತಕಗಳಲ್ಲಿ ಅರ್ಧ ಕಿತ್ತಿಟ್ಟರು. ಒಂದನ್ನು ನಾನು ಕಂಬಳಿ ಮಡಿಕೆಯಲ್ಲಿ ಬಚ್ಚಿಟ್ಟೆ. ಕಾಲಿಗೆ ಕ್ಯಾನ್ವಾಸ್ ಶೂ ಎಂದಿದ್ದೆ, ಅತ್ತೆ ಟೈರಿನ ಮೆಟ್ಟು ಎಂದರು. ಮಾವನಿಗೆ ಅವಮಾನವಾಯಿತು. "ಓದಿರೋ ಕೂಸು ಟೈರ್ ಮೆಟ್ಟು ಮೆಟ್ಕಂಡ್ ಹೋದ್ರೆ ಇಸ್ಕೂಲ್ನಲ್ಲಿ ಏನಂದಾರು?" ಮೆಟ್ಟೇ ಗೆದ್ದಿತು, ಅಗ್ಗವೂ ಆಗಿತ್ತು. ಮಾವ ಸೋಲೊಪ್ಪದೆ ತಮ್ಮ ಉದ್ದ ಹಿಡಿಯ ಕೊಡೆಯನ್ನು ಬಲವಂತವಾಗಿ ಕೊಟ್ಟರು. ಅದನ್ನು ನಾನು ಹನೂರಿನಲ್ಲಿ ಇಳಿಯುವಾಗ ಬಸ್ಸಿನಲ್ಲೇ ಬಿಟ್ಟೆ.

ಹನೂರಿನಲ್ಲಿ ಮುಂದಿನ ಬಸ್ಸು ಇರಲಿಲ್ಲ. ಬಸ್ಸು ನಿಲ್ಲುವ ಕಡೆ ಟೀ ಅಂಗಡಿಯ ಮುಂದೆ ಕೂತಿದ್ದ ಇಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಒಬ್ಬ ಎದ್ದು ದಾರಿಗೆ ಅಡ್ಡ ಬಂದು, "ಒಬ್ಳೇ ಎಲ್ಲಿಗವ್ವ?" ಎಂದ. ಆ ದನಿ ನನಗೆ ಹಿಡಿಸಲಿಲ್ಲ. ನಾನು ದಾಟಿಹೋಗಲು ಪಕ್ಕಕ್ಕೆ ತಿರುಗಿದಾಗ ಬೆನ್ನಿನ ಚೀಲ ಅವನ ಕಣ್ಣಿಗೆ ಬಿತ್ತು. ಅವನು ಹಿಂದಕ್ಕೆ ಸರಿದ. ಇನ್ನೊಬ್ಬ ಬಾಯಲ್ಲಿದ್ದ ಬೀಡಿ ತೆಗೆದ. "ದಾರಿ ಬುಡ್ಲಾ... ಮುಡಿಪು ಬತ್ತಾದೆ."

ಮುಡಿಪು! ನಮ್ಮ ಮನೆಯ ದೇವರ ಗೂಡಿನಲ್ಲೂ ಮಾದಪ್ಪನಿಗೆ ಹರಕೆ ಹೊತ್ತು ಅರಿಶಿನ ಬಟ್ಟೆಯಲ್ಲಿ ಕಾಸು ಕಟ್ಟಿಟ್ಟ ಪುಟ್ಟ ಗಂಟಿತ್ತು. ಅಂಥದ್ದನ್ನು ಬೆಟ್ಟಕ್ಕೆ ಒಯ್ಯುವವರನ್ನು ಯಾರೂ ತಡೆಯುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಪಟ್ಟಿ ಹಚ್ಚಿದ ಇಷ್ಟು ದೊಡ್ಡ ಚೀಲವನ್ನು ಜನ ಹಾಗೆ ಕಾಣಬಹುದೆಂದು ಬಿ.ಎ. ಓದಿದ ನನಗೆ ಹೊಳೆದೇ ಇರಲಿಲ್ಲ. ಅಲ್ಲ ಎಂದು ಹೇಳಬೇಕಿತ್ತೆ? ಆ ಇಬ್ಬರಿಗೆ ನಾನೇನೂ ಹೇಳಲಿಲ್ಲ. ಅದಕ್ಕೆ ಈಗಲೂ ನನಗೆ ಬೇಸರವಿಲ್ಲ. ಬೇಗ ಬೇಗ ನಡೆದೆ.

ಊರು ದಾಟುವಷ್ಟರಲ್ಲಿ ಯಳಂದೂರು ಕಡೆಯ ಹೊನ್ನೂರಿನಿಂದ ಬೆಟ್ಟಕ್ಕೆ ಹೊರಟ ಒಂದು ಗುಂಪು ಸಿಕ್ಕಿತು. ಮುಂದೆ ಒಬ್ಬ ಅಜ್ಜಿ, ಹಿಂದೆ ಸೊಸೆಯಂದಿರು, ಗಂಡಸರು. ಅಜ್ಜಿ ನನ್ನ ಬೆನ್ನು ನೋಡಿ, ಏನೂ ಕೇಳದೆ, ತನ್ನ ಪಕ್ಕದಲ್ಲಿ ಜಾಗ ಬಿಟ್ಟಳು. ಕೌದಳ್ಳಿಯ ಕಡೆಗೆ ಜೊತೆಯಾಗಿ ನಡೆದೆವು. ಒಂದು ಹುಣಿಸೆ ಮರದ ಕೆಳಗೆ ಎಲ್ಲರೂ ಕೂತಾಗ ನಾನೂ ಚೀಲ ಕಳಚಿ ನೆಲಕ್ಕಿಡಲು ಬಗ್ಗಿದೆ. "ಅಯ್ಯೋ, ನೆಲಕ್ಕಾ!" ಎಂದು ಅಜ್ಜಿ ಓಡಿಬಂದು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸೊಸೆಯೊಬ್ಬಳು ಸೆರಗಿನ ಗಂಟು ಬಿಚ್ಚಿ ಕಾಸು ತೆಗೆದಳು. ಅವಳ ಮಗುವಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತಂತೆ, ಈ ಮುಡಿಪಿನ ಜೊತೆಗೆ ಅದನ್ನೂ ಹಾಕಬೇಕಂತೆ.

ಇನ್ನು ಸುಮ್ಮನಿರುವುದು ಸಾಧ್ಯವಿರಲಿಲ್ಲ. ನಿಜ ಹೇಳಿದರೆ ಇವರು ಸಿಟ್ಟಾಗಿ ನನ್ನನ್ನು ಬಿಟ್ಟು ನಡೆದುಬಿಡಬಹುದು. ಆಮೇಲೆ ಇರುವುದು ಹನೂರಿಗೆ, ಟೀ ಅಂಗಡಿಯ ಮುಂದಿನಿಂದಲೇ, ವಾಪಸು ಹೋಗುವ ದಾರಿ.

"ಅಜ್ಜಿ, ಇದು ಮುಡಿಪಲ್ಲ. ನಾನು ಬೆಟ್ಟದಾಚೆ ಇಸ್ಕೂಲಿಗೆ ಟೀಚರಾಗಿ ಹೋಗ್ತಿದ್ದೀನಿ. ಇದರಲ್ಲಿರೋದು ನನ್ನ ಸೀರೆ, ಪುಸ್ತಕ, ಅವಲಕ್ಕಿ."

ಅಜ್ಜಿ ಚೀಲವನ್ನು ಹಿಡಿದೇ ಇದ್ದಳು. ಮೇಲಿಂದ ಒತ್ತಿ ನೋಡಿದಳು.

"ಅವಲಕ್ಕಿನಾ?"

"ಹೂಂ."

"ಬೆಲ್ಲ ಹಾಕಿದ್ದೀಯಾ?"

"ಹಾಕಿದ್ದೀನಿ."

"ಅಂಗಾರೆ ತೆಗಿ ಮತ್ತೆ! ಮಾದಪ್ಪುಂದಲ್ಲ ಅಂದ್ಮ್ಯಾಲೆ ನಮ್ದೇಯ."

ಮೊದಲು ನಕ್ಕವಳು ಕಾಸು ಹಿಡಿದಿದ್ದ ಸೊಸೆ. ಆಮೇಲೆ ಎಲ್ಲರೂ. ನಗುತ್ತಲೇ ನನಗೆ ಅಳು ಬಂತು, ಮನಸ್ಸು ಅಷ್ಟು ಹಗುರವಾಗಿತ್ತು. ಅವಲಕ್ಕಿ ಅಲ್ಲೇ ಮುಗಿಯಿತು. ಚೀಲವನ್ನು ಮಾತ್ರ ಅಜ್ಜಿ ಆಮೇಲೂ ನೆಲಕ್ಕಿಡಗೊಡಲಿಲ್ಲ, ಕೊಂಬೆಗೆ ತೂಗುಹಾಕಿಸಿದಳು. "ಅಲ್ಲ ಅಂತ ನೀ ಏಳ್ದೆ, ಸರಿ. ಬಣ್ಣ ಏಳ್ನಿಲ್ವಲ್ಲ."

ದಾರಿಯಲ್ಲಿ ತಂಗಿ, ಅವರ ಜೊತೆಯಲ್ಲೇ ತಾಳಬೆಟ್ಟ ದಾಟಿ ಮಾದಪ್ಪನ ಬೆಟ್ಟ ಹತ್ತಿದೆ. ಬೆಟ್ಟದ ಮೇಲೆ ಅಜ್ಜಿ ವಿಚಾರಿಸಿ, ನನ್ನ ಶಾಲೆಯ ಊರಿಗೆ ವಾಪಸಾಗುತ್ತಿದ್ದ ಒಂದು ಸಂಸಾರಕ್ಕೆ ನನ್ನನ್ನು ಒಪ್ಪಿಸಿದಳು. ಅವರು ಅರ್ಧ ತಮಿಳು ಅರ್ಧ ಕನ್ನಡ ಆಡುತ್ತಿದ್ದರು. ಅಲ್ಲಿಂದ ಹೊರಟ ಮಾರನೆಯ ದಿನ ಬಿಸಿಲಿರುವಾಗಲೇ ಶಾಲೆಯ ಜಗಲಿ ಮುಟ್ಟಿದೆ. ಮೆಟ್ಟು ಕಚ್ಚಿರಲಿಲ್ಲ, ಹೆಗಲು ಕೊಯ್ದಿರಲಿಲ್ಲ. ತಲುಪಿದೆ, ಸಾಮಾನೆಲ್ಲ ನಾನೇ ಹೊತ್ತೆ ಎಂದು ಅಪ್ಪನಿಗೆ ಒಂದು ಕಾರ್ಡು, ಮಾವನಿಗೆ ಒಂದು ಕಾರ್ಡು ಬರೆದೆ. ಮುಂದೆ ಆ ಊರಿನಲ್ಲಿ ಬಹಳ ವರ್ಷ ಇದ್ದೆ.

ದಸರೆ ರಜೆಗೆ ಬಂದಾಗ ಮೊದಲು ಹತ್ತಿದ್ದು ಮಾವನ ಜಗಲಿ. ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಕಟ್ಟಿಕೊಂಡು ಬಂದಿದ್ದೆ: ಬೇಕೆಂದೇ ಆ ಬಣ್ಣ ಆರಿಸಿದಿರಾ? ಕಥೆ ಹೇಳುತ್ತಿದ್ದಂತೆ ಮಾವ ಯಂತ್ರ ನಿಲ್ಲಿಸಿದರು. ನಗಲಿಲ್ಲ. ಎರಡೂ ಕೆನ್ನೆ ಬಡಿದುಕೊಂಡು, "ತಪ್ಪಾಯ್ತು ಕಣಪ್ಪ ಮಾದೇವ, ಬಿದ್ದಿದ್ ಬಟ್ಟೆ ಅಂತ ಹೊಲ್ದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ:

"ಅದಿರ್ಲಿ ಕೂಸೇ. ಎಡಗಡೆ ಪಟ್ಟಿ ಹೊಲಿಗೆ ಬುಡ್ನಿಲ್ವಾ?"

"ಇಲ್ಲ ಮಾವ."

"ಸತ್ಯಾಗ್ಲೂ?"

"ಸತ್ಯವಾಗ್ಲೂ."

ಅವರು ಬಿಟ್ಟ ಉಸಿರು ಈಗಲೂ ಕೇಳಿದ ಹಾಗಿದೆ.

ಅವರು ತೀರಿಕೊಂಡ ಸುದ್ದಿ ಕಾಡಿಗೆ ತಡವಾಗಿ ಬಂತು. ನಾನು ಹೋಗುವಷ್ಟರಲ್ಲಿ ಕಾರ್ಯಗಳೆಲ್ಲ ಮುಗಿದಿದ್ದವು. ಅತ್ತೆ ಒಬ್ಬರೇ ಜಗಲಿಯಲ್ಲಿ ಕೂತಿದ್ದರು. "ನೀನ್ ಆವತ್ತು ಕಾಡಿಗೆ ಓದ್ಮ್ಯಾಲೆ ನಿಮ್ಮಾವ ನೆಟ್ಗೆ ಮನಿಕಳ್ನೇ ಇಲ್ಲ ಕಣವ್ವ" ಎಂದರು. "ಎಡಗಡೆ ಪಟ್ಟಿಗೆ ದಾರ ಸಾಲ್ದೆ ಗಂಟಾಕಿದ್ರಂತೆ. ಕಾಡಲ್ಲಿ ಕಿತ್ತೋದ್ರೆ ಕೂಸು ಏನ್ ಮಾಡಾದು, ಕಾಡಲ್ಲಿ ಕಿತ್ತೋದ್ರೆ... ಅದೇ ಜಪ. ನಿನ್ ಕಾರ್ಡು ಬಂದ್ ದಿನ ಅಂಗ್ಡಿ ತಗೀದೆ ಮಟಮಟ ಮಧ್ಯಾಹ್ನ ಗೊರ್ಕೆ ಹೊಡುದ್ರು."

ಈ ಕಥೆಯನ್ನು ನಾನು ಅನೇಕರಿಗೆ ಹೇಳಿದ್ದೇನೆ. ಹೇಳುವಾಗ ಕೆಲವು ಸಲ ಮಾವ ಎಲ್ಲವನ್ನೂ ಮೊದಲೇ ಯೋಚಿಸಿ ಅರಿಶಿನ ಬಟ್ಟೆ ಹಿಡಿದರು ಎಂದದ್ದೂ ಉಂಟು. ಕೇಳುವವರಿಗೆ ಅದು ರುಚಿಸುತ್ತದೆ, ಹೇಳುವ ನನಗೂ ರುಚಿಸುತ್ತಿತ್ತು. ಹಾಗಲ್ಲ. ಮೂಲೆಯಲ್ಲಿ ಬಿದ್ದಿದ್ದ ಬಟ್ಟೆ, ಅಷ್ಟೇ. ಬಣ್ಣ ತಾನೇ ಕಾಯಿತು. ಮಾವ ಕಾದದ್ದು ಕಾರ್ಡಿಗೆ.

ಅತ್ತೆಯೂ ಹೋದರು, ಅಪ್ಪನೂ. ಆಮೇಲೆ ನಾನು ಎಷ್ಟೋ ಊರುಗಳನ್ನು ಸುಖವಾಗಿ ತಲುಪಿದ್ದೇನೆ. ಯಾವ ಊರಿಗೆ ಹೋದರೂ ಮೊದಲ ದಿನ, ಚೀಲ ಇಳಿಸಿದ ಕೂಡಲೇ, ತಲುಪಿದೆನೆಂದು ಯಾರಿಗೋ ತಿಳಿಸಬೇಕಲ್ಲ ಎಂದು ಒಂದು ಗಳಿಗೆ ಅನಿಸುತ್ತದೆ...