ಸಕ್ಕರೆ ಹಾಕದ ಪಾಯಸ

ತ್ರಿಪ್ಲಿಕೇನಿನಲ್ಲಿ ಲಕ್ಷ್ಮಮ್ಮನನ್ನು ಏಮಾರಿಸಿದವರು ಯಾರೂ ಇರಲಿಲ್ಲ. ಗುಡಿ ಬೀದಿಯ ಹೂವಾಡಗಿತ್ತಿ ಮೊಳ ಹಾಕುವಾಗ ಮೊಣಕೈ ಎಷ್ಟು ಒಳಕ್ಕೆಳೆದುಕೊಂಡಳೆಂದು ದೂರದಿಂದಲೇ ಹೇಳುವ ಹೆಂಗಸು. ಅಂಥವರನ್ನು ಏಮಾರಿಸುವುದಕ್ಕೆ ಅವರ ಕೈತುತ್ತು ಉಂಡವನೇ ಬೇಕಾಯಿತು.

ಅವನು ಮೈದುನ ಗುರುಚರಣ. ಲಕ್ಷ್ಮಮ್ಮ ಬದರಿನಾಥರ ಕೈಹಿಡಿದು ಆ ಮನೆಗೆ ಬಂದಾಗ ಇವನು ತಾಯಿಯಿಲ್ಲದ ಸಣ್ಣ ಹುಡುಗ. ತಮಗೆ ಮಕ್ಕಳಾಗಲಿಲ್ಲವೆಂಬ ಕೊರಗನ್ನು ಲಕ್ಷ್ಮಮ್ಮ ಇವನ ತಟ್ಟೆಗೆ ತುಪ್ಪ ಬಡಿಸಿ ಮರೆತರು. ಅತ್ತಿಗೆಯನ್ನು ತಮಿಳರಂತೆ "ಮನ್ನೀ, ಮನ್ನೀ" ಎಂದು ಕರೆಯುತ್ತ ಸೆರಗು ಹಿಡಿದು ತಿರುಗಿದವನು ದೊಡ್ಡವನಾಗಿ ಟಿ. ನಗರದ ಆಡಿಟರ್ ಆಫೀಸು ಸೇರಿದ. ಆಮೇಲೊಂದು ವರ್ಷ ಬಲಗಣ್ಣಿಗೆ ಸೋಂಕು ತಗಲಿ ಕರಿಗುಡ್ಡೆಯ ಮೇಲೆ ಸುಣ್ಣ ಬಳಿದಂತಾಯಿತು. ಎಡಗಣ್ಣು ಮೊದಲಿನಿಂದಲೂ ಮಂದ. ಅವನನ್ನು ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದವರು ಅಣ್ಣ, ಅತ್ತಿಗೆ.

ಸತ್ತವರ ಕಣ್ಣಿನ ಮೇಲ್ಪೊರೆ ತಂದು ಹೊಲಿಯುತ್ತೇವೆ ಎಂದರು ಡಾಕ್ಟರು. ಲಕ್ಷ್ಮಮ್ಮನಿಗೆ ಗಾಬರಿ. ಯಾರ ರಕ್ತವೋ ಏನೋ, ಗುಂಪು ಹೊಂದದೆ ಹೋದರೆ? ಡಾಕ್ಟರು ನಕ್ಕು ಬಿಡಿಸಿ ಹೇಳಿದರು. ಮೈಯಲ್ಲಿ ಎಲ್ಲ ಕಡೆಗೂ ರಕ್ತ ಒಂದೇ ಸಮನೆ ಹೋಗುವುದಿಲ್ಲ. ಮಾಂಸಖಂಡಕ್ಕೆ ಧಾರಾಳ, ಅದಕ್ಕೇ ಅಲ್ಲಿನ ಗಾಯ ಬೇಗ ಆರುತ್ತದೆ. ಅದನ್ನು ಮೂಳೆಗೆ ಬಿಗಿಯುವ ನಾರಿಗೆ ಕಡಿಮೆ. ಕೀಲಿನ ಮೆತ್ತೆಗೆ ರಕ್ತನಾಳವೇ ಇಲ್ಲ, ಲಕ್ಷ್ಮಮ್ಮನ ಮಂಡಿ ಸವೆದದ್ದು ಸವೆದೇ ಹೋದದ್ದು ಅದರಿಂದ. ಕಣ್ಣಿನ ಆ ಗಾಜಿನಂಥ ಪೊರೆಗೂ ರಕ್ತವಿಲ್ಲ. ಇದ್ದರೆ ಬೆಳಕು ಒಳಗೆ ಹೋಗುವುದು ಹೇಗೆ? ಅದು ಗಾಳಿಯಿಂದ, ಕಣ್ಣೀರಿನಿಂದ ಬದುಕುತ್ತದೆ. ಹಾಗಾಗಿ ಗುಂಪಿನ ತಂಟೆಯೇ ಇಲ್ಲ.

"ಅಪ್ಪೋ ನನ್ನಂಥ ಷುಗರ್ ಪೇಷಂಟೂ ಕೊಡ್ಬಹುದಾ?" ಎಂದು ಬದರಿನಾಥರು ಕೇಳಿದರು. ರಕ್ತ ಸಾಲದೆ ಅವರ ಕಾಲಿನ ಹುಣ್ಣು ಆರದೆ ಕೂತಿದ್ದ ಕಾಲ ಅದು.

"ಧಾರಾಳವಾಗಿ" ಎಂದರು ಡಾಕ್ಟರು.

ಗುರುಚರಣನಿಗೆ ಕಣ್ಣು ಬಂತು. ಕೊಟ್ಟವರು ಯಾರೆಂದು ಯಾರೂ ಹೇಳಲಿಲ್ಲ. ಬದರಿನಾಥರು ಪ್ರತಿ ಮಹಾಲಯದಲ್ಲೂ ಹಿರಿಯರಿಗೆ ಎಳ್ಳುನೀರು ಬಿಟ್ಟಾದ ಮೇಲೆ ಆ ಹೆಸರಿಲ್ಲದ ಜೀವಕ್ಕೂ ಒಂದು ಬೊಗಸೆ ಬಿಡುತ್ತಿದ್ದರು. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರವೆನ್ನುವುದು ರೂಢಿ. ಹಾಗೆಯೇ ಹೇಳಿ ಬಿಡುತ್ತಿದ್ದರು. ಎದ್ದು ಬಂದು ಮನೆಯವರಿಗೆಲ್ಲ ಒಂದೇ ಮಾತು: "ನಾ ಹೋದ ಉಡನೆ ಫೋನ್ ಮಾಡ್ಬಿಡಿ. ಲೇಟಾದ್ರೆ ಪೊರೆ ಕೆಟ್ಟೋಗತ್ತೆ. ನನ್ನ ಕಣ್ಣಲ್ಲಿ ಇನ್ನಿಬ್ರು ನೋಡ್ಲಿ." ಗುರುಚರಣ ಪ್ರತಿ ಸಲವೂ "ಆಯ್ತಣ್ಣ" ಎನ್ನುತ್ತಿದ್ದ.

ಈ ವರ್ಷ ಒಂದು ಬೆಳಗ್ಗೆ, ಕಾಫಿ ಲೋಟ ಕೈಯಲ್ಲಿದ್ದ ಹಾಗೆಯೇ ಅವರು ಹೋಗಿಬಿಟ್ಟರು. ಅಳುವಿನ ನಡುವೆಯೂ ಲಕ್ಷ್ಮಮ್ಮ, "ಗುರು, ಮೊದ್ಲು ಕಣ್ಣಾಸ್ಪತ್ರೆಗೆ ಫೋನ್ ಮಾಡು" ಎಂದರು. ಅವನು ಫೋನು ಹಿಡಿದು ಬಾಲ್ಕನಿಗೆ ಹೋಗಿ ತಿರುಗಿ ಬಂದ.

"ಕೇಳ್ದೆ ಮನ್ನೀ. ಷುಗರ್ ಇದ್ದವ್ರ ಕಣ್ಣು ವೇಂಡಾಂ, ಬೇಡ ಅಂದ್ಬಿಟ್ರು."

ಆ ಹೊತ್ತಿನಲ್ಲಿ ಅವರ ತಲೆ ಓಡಲಿಲ್ಲ. ನಂಬಿದರು. ಅವನನ್ನು ನಂಬದೆ ಇನ್ಯಾರನ್ನು ನಂಬಬೇಕಿತ್ತು?

ಹದಿಮೂರನೆಯ ದಿನ ವೈಕುಂಠ ಸಮಾರಾಧನೆ. ಅಡುಗೆಯವರು ಪಾಯಸಕ್ಕೆ ಸಕ್ಕರೆ ಸುರಿಯುವ ಮುಂಚೆ ಲಕ್ಷ್ಮಮ್ಮ ಒಂದು ಸೌಟು ತೆಗೆದು ಬಟ್ಟಲಿಗೆ ಹಾಕಿ ಪಕ್ಕಕ್ಕಿಟ್ಟರು. ಎಷ್ಟೋ ವರ್ಷದ ಕೈಯ ಅಭ್ಯಾಸ. ಯಾರಿಗೆಂದು ಆಮೇಲೆ ಹೊಳೆಯಿತು. ಬಟ್ಟಲನ್ನೇ ನೋಡುತ್ತ ನಿಂತವರಿಗೆ ಡಾಕ್ಟರು ಅಂದು ಹೇಳಿದ ಮಾತು ನೆನಪಾಯಿತು. ಸಕ್ಕರೆಯಿದ್ದದ್ದು ಗಂಡನ ರಕ್ತದಲ್ಲಿ. ಆ ಪೊರೆಯಲ್ಲಿ ರಕ್ತವೇ ಇರಲಿಲ್ಲ.

ಮಡಿಯುಟ್ಟು ಬಂದ ಗುರುಚರಣನನ್ನು ಅಡುಗೆಮನೆಯ ಬಾಗಿಲಲ್ಲೇ ತಡೆದರು.

"ಆವತ್ತು ನೀ ಫೋನ್ ಮಾಡಿದ್ಯಾ?"

ಅವನು ನೆಲ ನೋಡಿದ. "ಮನಸ್ಸು ಬರ್ಲಿಲ್ಲ ಮನ್ನೀ. ಅಣ್ಣನ ಕಣ್ಣು ತೆಗ್ದು ಆಸ್ಪತ್ರೆಗೆ ಅನುಪ್ಪೋದು ಹೇಗೆ? ಅಡುತ್ತ ಜನ್ಮದಲ್ಲಿ ಕುರುಡಾಗಿ ಹುಟ್ಬಿಟ್ರೆ?"

"ನಿನಗೆ ಕಣ್ಣು ಕೊಟ್ಟವ್ರು ಎಲ್ಲಿ ಕುರುಡಾಗಿ ಹುಟ್ಟಿದಾರೆ? ಕಣ್ಣಾರೆ ಪಾತ್ತು ಬಂದಿದೀಯಾ?"

ಆ ಕಣ್ಣಿಗೆ ಗಂಟೆಗೊಮ್ಮೆ ಔಷಧದ ಹನಿ ಹಾಕಿದ ಕೈ ಲಕ್ಷ್ಮಮ್ಮನದು. ಸಾವಿಗಿಂತ ಈ ಸುಳ್ಳು ಅವರನ್ನು ಹೆಚ್ಚು ಸುಟ್ಟಿತು. ಸಾವು ಅವರಿಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ.

ಕರ್ಮ ನಿಲ್ಲಿಸುವಂತಿಲ್ಲ, ಮಾಡುವುದಕ್ಕೆ ಬೇರೆ ಯಾರೂ ಇಲ್ಲ. ಎಲೆ ಹಾಕಿದರು. ಎಲ್ಲರಿಗೂ ಪಾಯಸ ಬಡಿಸುತ್ತ ಬಂದ ಲಕ್ಷ್ಮಮ್ಮ ಗುರುಚರಣನ ಎಲೆಯ ಮುಂದೆ ಸೌಟನ್ನು ಅಡುಗೆಯವರ ಕೈಗೆ ಕೊಟ್ಟು ಒಳಗೆ ಹೋದರು.

ಸಂಜೆ ಕೆಳಗಿನ ಮನೆಯ ಸಮೀರ್ ಮಾತಾಡಿಸಲು ಬಂದ. ಹತ್ತಿರದಲ್ಲೇ ಅವನದು ಕನ್ನಡಕದ ಅಂಗಡಿ. ಗುರುಚರಣ ಅಲ್ಲೇ ಕುರ್ಚಿಯಲ್ಲಿ ಕೂತಿದ್ದ. ಅವನಿಗೆ ಕೇಳಲೆಂದೇ ಲಕ್ಷ್ಮಮ್ಮ ಗಟ್ಟಿಯಾಗಿ ಹೇಳಿದರು.

"ಸಮೀರ್, ನಾ ಹೋದಾಗ ಕಣ್ಣಾಸ್ಪತ್ರೆಗೆ ನೀನೇ ಫೋನ್ ಮಾಡು ಕಣಪ್ಪ. ನಮ್ಮನೇಲಿ ಯಾರೂ ಇಲ್ಲ."