ಹೈರಮ್‌ನ ಖಾಲಿ ಸಭಾಗೃಹಗಳು

ನ್ಯೂ ಹ್ಯಾಂಪ್‌ಶೈರ್‌ನ ಇನ್ನೂರೈವತ್ತು ವರ್ಷದ ಮರದ ಪ್ರಾರ್ಥನಾ ಸಭಾಗೃಹಗಳಲ್ಲಿ ಎಲ್ಲಿಯಾದರೂ ಮೂರು ಕಾಲಿನ ಕ್ಯಾಮೆರಾ ನಿಂತಿದ್ದರೆ ಅದರ ಹಿಂದೆ ಹೈರಮ್ ಥ್ವಿಂಗ್ ಗೊಣಗುತ್ತಿರುತ್ತಾನೆ. ಎತ್ತರದ ಉಪದೇಶಪೀಠ, ಬಾಗಿಲಿರುವ ಬೆಂಚುಗಳು, ಬಣ್ಣ ಕಾಣದ ಹಲಗೆಗಳು ಅವನಿಗೆ ಸಾಕು, ಚಿತ್ರದಲ್ಲಿ ಮನುಷ್ಯರು ಬೇಡ. ನೊಣವೂ ಅಪ್ಪಣೆ ಕೇಳಿ ಹಾರಬೇಕು. "ಕಟ್ಟಿದೋರೇ ಹೋದ್ರಂತೆ, ನೀವ್ಯಾಕ್ರೀ ನಿಂತಿದೀರ?" ಎಂದು ಪ್ರವಾಸಿಗರನ್ನು ಹೊರಗಟ್ಟುತ್ತಾನೆ. ಒಳಗಿನ ಮಂಕು ಬೆಳಕಿಗೆ ಒಂದೊಂದು ಚಿತ್ರಕ್ಕೂ ಕ್ಯಾಮೆರಾದ ಕಣ್ಣು ಐದು ನಿಮಿಷ ತೆರೆದೇ ಇರಬೇಕು; ಅಷ್ಟರಲ್ಲಿ ನಿಂತದ್ದು ಮೂಡುತ್ತದೆ, ನಡೆದಾಡಿದ್ದು ಮೂಡುವುದಿಲ್ಲ. ಅಷ್ಟು ಹೊತ್ತೂ ಕಪ್ಪು ಉಡುಪಿನ ಹೆಂಡತಿ ಲೋಯಿಸ್ ಚಿತ್ರದೊಳಗೇ ಓಡಾಡುತ್ತ ಕತ್ತಲ ಮೂಲೆಗಳಿಗೆ ದೀಪ ಹಿಡಿಯುತ್ತಿದ್ದಳು. "ನಿಂತ್ರೆ ಮೂಡ್ತೀಯ, ನಡೀತಾ ಇರು," ಎಂದು ಮೂವತ್ತು ವರ್ಷ ಗದರಿದ. ಮೊನ್ನೆ ಅವಳ ಶವಪೆಟ್ಟಿಗೆಯ ಮೇಲಿಡಲು ಪಾದ್ರಿ ಫೋಟೊ ಕೇಳಿದಾಗ, ಮನೆಯೆಲ್ಲ ಹುಡುಕಿ, ಅವಳದೊಂದೂ ಸಿಗದೆ, ಖಾಲಿ ಸಭಾಗೃಹದ್ದೊಂದನ್ನು ತಂದುಕೊಟ್ಟ. "ಇದ್ರ ತುಂಬಾ ಅವ್ಳೇ ಇದಾಳೆ, ಪಾದ್ರಿಗಳೇ. ನಾನೇ ನಿಲ್ಲೋಕೆ ಬಿಡ್ಲಿಲ್ಲ."